ಎರಡು ದೋಣಿಯಲ್ಲಿ ಕಾಲಿಟ್ಟ ಹುಡುಗ
(ಬೇಸ್‌ಬಾಲಿನಲ್ಲಿ ಎಳೆಯ ಆಟಗಾರರನ್ನು ಪರೀಕ್ಷಿಸುವ ಬಗೆ)

ನಮ್ಮ ವಾಚನಾಲಯದಲ್ಲಿ ಎಲ್ಲಕ್ಕಿಂತ ಮೊದಲು ಹರಿಯುವುದು ಪತ್ರಿಕೆಗಳ ಆಟದ ಪುಟ. ಆ ಪುಟದಲ್ಲಿ ಕ್ರಿಕೆಟ್ಟಿನ ಸುದ್ದಿಗಳ ನಡುವೆ ಆಗೊಮ್ಮೆ ಈಗೊಮ್ಮೆ ಶೋಹೇ ಓಟಾನಿ ಎಂಬ ಜಪಾನೀ ಆಟಗಾರನ ಚಿತ್ರ ಬರುವುದುಂಟು. ಇವನಾರೆಂದು ಕೇಳಿದ ಮಿತ್ರರಿಗೆ ನಾವು "ಬೇಸ್‌ಬಾಲಿನ ಆಲ್‌ರೌಂಡರ್" ಎಂದು ಚುಟುಕಾಗಿ ಹೇಳಿ ಮುಗಿಸಿದ್ದೆವು. ಆ ಉತ್ತರ ಪೂರಾ ಸರಿಯಲ್ಲವೆಂದು ಆಮೇಲೆ ಅನ್ನಿಸಿತು. ಕ್ರಿಕೆಟ್ಟಿನಲ್ಲಿ ಒಂದೊಂದು ತಂಡಕ್ಕೂ ಒಬ್ಬಿಬ್ಬರು ಆಲ್‌ರೌಂಡರುಗಳು ಇದ್ದೇ ಇರುತ್ತಾರೆ. ಅಮೆರಿಕದ ದೊಡ್ಡ ಲೀಗಿನ ಬೇಸ್‌ಬಾಲಿನಲ್ಲಿ ಅಂಥವನೊಬ್ಬನಿಗಾಗಿ ಸುಮಾರು ನೂರು ವರ್ಷ ಕಾಯಬೇಕಾಯಿತು. ಅಂಥ ಹುಡುಗರು ಹುಟ್ಟಲಿಲ್ಲವೆಂದಲ್ಲ. ಹುಟ್ಟಿದವರನ್ನು ಹದಿನೆಂಟನೆಯ ವಯಸ್ಸಿನಲ್ಲಿಯೇ "ಇದೋ ಅದೋ, ಒಂದನ್ನು ಆರಿಸಿಕೋ" ಎಂದು ಕೇಳುತ್ತಿದ್ದರು. ಹಾಗೆ ಕೇಳುವವರು ಯಾರು, ಏನನ್ನು ನೋಡಿ ಕೇಳುತ್ತಾರೆ ಎಂಬುದನ್ನು ಈ ಸಲ ಸ್ವಲ್ಪ ವಿವರವಾಗಿ ಬರೆಯುತ್ತೇವೆ.

ಮೊದಲು ಆಟದ ಮಾತು. ಬೇಸ್‌ಬಾಲಿನ ಎಸೆಗಾರನು ಓಡಿಬಂದು ಬೌಲ್ ಮಾಡುವವನಲ್ಲ. ಸಣ್ಣದೊಂದು ದಿಬ್ಬದ ಮೇಲೆ ನಿಂತು, 60 ಅಡಿ 6 ಅಂಗುಲದ ದೂರಕ್ಕೆ, ಮೊಣಕೈ ಮಡಚಿ, ಚೆಂಡು ನೆಲ ಮುಟ್ಟದಂತೆ ಬೀಸಿ ಎಸೆಯುತ್ತಾನೆ. ಗಂಟೆಗೆ 160 ಕಿಲೋಮೀಟರಿನ ವೇಗದಲ್ಲಿ ಹೊರಟ ಚೆಂಡು ದಾಂಡಿಗನನ್ನು ತಲಪಲು ಅರ್ಧ ಸೆಕೆಂಡೂ ಬೇಡ. ಅದನ್ನು ದುಂಡನೆಯ ಬ್ಯಾಟಿನಿಂದ ಹೊಡೆಯಬೇಕು. ಹತ್ತು ಸರದಿಯಲ್ಲಿ ಮೂರು ಸಲ ಸರಿಯಾಗಿ ಹೊಡೆದವನೂ ಅಲ್ಲಿ ಒಳ್ಳೆಯ ದಾಂಡಿಗನೇ. ಅಮೆರಿಕದ ದೊಡ್ಡ ಲೀಗಿನಲ್ಲಿ ಒಂದು ತಂಡ ವರ್ಷಕ್ಕೆ 162 ಪಂದ್ಯ ಆಡುತ್ತದೆ, ಅಂದರೆ ಋತುವಿನಲ್ಲಿ ಹೆಚ್ಚುಕಡಿಮೆ ದಿನಕ್ಕೊಂದು. ದಾಂಡಿಗನು ದಿನವೂ ಆಡುತ್ತಾನೆ. ಪಂದ್ಯವನ್ನು ಮೊದಲಿಟ್ಟು ಎಸೆಯುವವನು ಒಂದು ದಿನ ಎಸೆದರೆ ನಾಲ್ಕೈದು ದಿನ ತೋಳನ್ನು ಆರಿಸಿಕೊಳ್ಳಬೇಕು. ಇಬ್ಬರ ಪಂಚಾಂಗವೇ ಬೇರೆ, ಕಸರತ್ತು ಬೇರೆ, ಗುರುಗಳು ಬೇರೆ. ಒಂದೇ ಆಫೀಸಿನಲ್ಲಿ ಹಗಲು ಪಾಳಿಯನ್ನೂ ರಾತ್ರಿ ಪಾಳಿಯನ್ನೂ ಒಬ್ಬನೇ ಮಾಡಿದ ಹಾಗೆ ಎಂದರೆ ನಮ್ಮ ವಾಚಕರಿಗೆ ಬೇಗ ತಿಳಿದೀತು.

ಹಿಂದೆ ಮಾಡಿದವರು ಇಲ್ಲವೆಂದಲ್ಲ. ಬೋಸ್ಟನ್ ತಂಡದ ಬೇಬ್ ರೂತ್ 1918ರಲ್ಲಿ ಎಸೆಗಾರನಾಗಿ 13 ಪಂದ್ಯ ಗೆದ್ದು, ಅದೇ ವರ್ಷ 11 ಹೋಮ್ ರನ್ ಹೊಡೆದು ಅದರಲ್ಲೂ ಮುಂದಿನ ಸಾಲಿನಲ್ಲಿ ನಿಂತಿದ್ದನು. 1920ರಲ್ಲಿ ನ್ಯೂಯಾರ್ಕಿಗೆ ಬಂದಮೇಲೆ ಅವನ ಎಸೆತ ಹೆಚ್ಚುಕಡಿಮೆ ನಿಂತೇಹೋಯಿತು. ಕಪ್ಪು ಜನರನ್ನು ದೊಡ್ಡ ಲೀಗಿಗೆ ಸೇರಿಸದಿದ್ದ ಆ ಕಾಲದಲ್ಲಿ, ಅವರದೇ ಬೇರೆ ಲೀಗಿನಲ್ಲಿ ಬುಲೆಟ್ ರೋಗನ್ ಎಂಬವನು ಎರಡನ್ನೂ ವರ್ಷಗಟ್ಟಲೆ ಮಾಡಿದನು. ಅದನ್ನು ಲೆಕ್ಕಕ್ಕೆ ಹಿಡಿದವರು ಕಡಿಮೆ.

ಇನ್ನು ಪರೀಕ್ಷಕರ ವಿಷಯ. ಇವರನ್ನು ಅಲ್ಲಿ ಸ್ಕೌಟ್ ಎನ್ನುತ್ತಾರೆ. ಖಾಕಿ ಚಡ್ಡಿ, ಕೊರಳ ಸ್ಕಾರ್ಫಿನ ಬಾಲಚರನೊಡನೆ ಬೆರಸಬಾರದು. ತಂಡದ ಸಂಬಳದ ಮೇಲೆ ಊರೂರು ತಿರುಗಿ, ಶಾಲೆಯ ಮೈದಾನಗಳಲ್ಲಿ ಕುಳಿತು ಹುಡುಗರ ಆಟವನ್ನು ನೋಡಿ ವರದಿ ಬರೆಯುವುದು ಇವರ ಕೆಲಸ. ಊರಿನ ದನದ ಜಾತ್ರೆಯನ್ನು ಕಂಡವರಿಗೆ ಇದನ್ನು ತಿಳಿಸುವುದು ಕಷ್ಟವಲ್ಲ. ಹೋರಿಗರುವನ್ನು ಕೊಳ್ಳಬಂದ ರೈತನು ಅದು ಇಂದು ಎಷ್ಟು ಭಾರ ಎಳೆಯುತ್ತದೆಂದು ನೋಡುವುದಿಲ್ಲ. ಕಾಲಿನ ಮೂಳೆ, ಎದೆಯ ಅಗಲ, ಗೊರಸು, ಸುಳಿ, ನಡಗೆ, ಇವನ್ನು ನೋಡಿ ಮೂರು ವರ್ಷಕ್ಕೆ ಎಂಥ ಎತ್ತಾದೀತೆಂದು ಲೆಕ್ಕ ಹಾಕುತ್ತಾನೆ. ಸ್ಕೌಟ್ ಮಾಡುವುದೂ ಅದನ್ನೇ. ಕರುವಿಗೆ ತಾನು ಏನಾಗಬೇಕೆಂಬ ಆಸೆಯಿಲ್ಲ, ಹುಡುಗನಿಗೆ ಉಂಟು. ತೊಡಕು ಬರುವುದು ಅಲ್ಲಿ.

ಅವರ ಅಂಕಗಳು ನಮ್ಮ ಪರೀಕ್ಷೆಗಳಂತೆ ನೂರಕ್ಕೆ ಅಲ್ಲ, 20ರಿಂದ 80ರವರೆಗೆ. 50 ಎಂದರೆ ದೊಡ್ಡ ಲೀಗಿನ ಸಾಧಾರಣ ಆಟಗಾರನ ಮಟ್ಟ. 80 ಸಿಕ್ಕುವುದು ಬಹಳ ಅಪರೂಪ. ದಾಂಡಿಗನಾದರೆ ಐದು ಗುಣಗಳಿಗೆ ಅಂಕ: ಚೆಂಡಿಗೆ ಬ್ಯಾಟು ತಾಗಿಸುವ ಜಾಣತನ, ಹೊಡೆತದ ಬಲ, ಓಟ, ಚೆಂಡು ಹಿಡಿಯುವ ಕೈ, ಎಸೆಯುವ ತೋಳು. ಎಸೆಗಾರನಾದರೆ ಅವನ ಒಂದೊಂದು ಬಗೆಯ ಎಸೆತಕ್ಕೂ ಬೇರೆ ಬೇರೆ ಅಂಕ, ಹಿಡಿತಕ್ಕೆ ಇನ್ನೊಂದು. ಪ್ರತಿಯೊಂದು ಗುಣಕ್ಕೂ ಎರಡೆರಡು ಸಂಖ್ಯೆ ಬರೆಯುತ್ತಾರೆಂಬುದು ನಮಗೆ ಬಲು ಹಿಡಿಸಿದ ಸಂಗತಿ. ಒಂದು ಇಂದಿನದು, ಇನ್ನೊಂದು ಮುಂದೆ ಆದೀತೆಂದು ಊಹಿಸಿದ್ದು. ಹದಿನೇಳರ ಹುಡುಗನ ಬ್ಯಾಟಿಗೆ ಇಂದು 30, ನಾಳೆಗೆ 60 ಎಂದು ಬರೆದ ಸ್ಕೌಟ್ ಆ ಎರಡು ಸಂಖ್ಯೆಗಳ ನಡುವಿನ ಅಂತರಕ್ಕೆ ತನ್ನ ಹೆಸರನ್ನೇ ಅಡವಿಡುತ್ತಾನೆ. ಬೆಳೆಯುವ ಸಿರಿ ಮೊಳಕೆಯಲ್ಲೇ ಎಂದು ನಾವು ಹೇಳಿಬಿಡುತ್ತೇವೆ. ಮೊಳಕೆ ನೋಡಿ ಇಷ್ಟು ಪಲ್ಲ ಎಂದು ಬರೆದುಕೊಡುವುದು ಬೇರೆ ಮಾತು.

ಒಳ್ಳೆಯ ಸ್ಕೌಟ್ ಪಂದ್ಯಕ್ಕೆ ಮುಂಚೆಯೇ ಬರುತ್ತಾನೆ. ಅಭ್ಯಾಸದಲ್ಲಿ ಹುಡುಗನು ಹೇಗೆ ಮೈ ಬಿಸಿ ಮಾಡಿಕೊಳ್ಳುತ್ತಾನೆ, ಹೆಗಲ ಅಗಲವೆಷ್ಟು, ಇನ್ನೂ ಮೈ ತುಂಬಿಕೊಳ್ಳುವ ಲಕ್ಷಣವಿದೆಯೇ ಎಂದು ನೋಡುತ್ತಾನೆ. ಹೊಡೆದವನು ಮೊದಲನೆಯ ಬೇಸಿನವರೆಗಿನ 90 ಅಡಿಯನ್ನು ಎಷ್ಟರಲ್ಲಿ ಓಡಿದನೆಂದು ಗಡಿಯಾರ ಒತ್ತುತ್ತಾನೆ. ಎಡಗೈ ದಾಂಡಿಗನಿಗೆ ಸುಮಾರು 4.2 ಸೆಕೆಂಡು ಸಾಧಾರಣ, 4ಕ್ಕೆ ಮುಟ್ಟಿದರೆ ಚುರುಕು. ಎಸೆತದ ವೇಗವನ್ನು ಅಳೆಯಲು 1970ರ ದಶಕದಿಂದ ರೇಡಾರಿನ ಕೈಯಂತ್ರ ಬಂದಿದೆ. ಯಂತ್ರ ಹೇಳುವುದು ವೇಗವನ್ನು ಮಾತ್ರ. ಐದನೆಯ ಸರದಿಯಲ್ಲಿ ದಣಿದಾಗಲೂ ಆ ವೇಗ ನಿಲ್ಲುತ್ತದೆಯೇ, ತೋಳು ಪ್ರತಿಸಲವೂ ಒಂದೇ ದಾರಿಯಲ್ಲಿ ಬರುತ್ತದೆಯೇ, ತಿರುಗುಚೆಂಡು ಎಸೆಯುವಾಗ ತೋಳು ನಿಧಾನವಾಗಿ ಗುಟ್ಟು ಬಿಟ್ಟುಕೊಡುತ್ತದೆಯೇ ಎಂಬುದನ್ನೆಲ್ಲ ಕಣ್ಣೇ ನೋಡಬೇಕು. ಬ್ಯಾಟಿನ ವಿಷಯದಲ್ಲಿ ಇನ್ನೊಂದು ಮೋಸವುಂಟು. ಶಾಲೆಯ ಹುಡುಗರು ಸಾಮಾನ್ಯವಾಗಿ ಲೋಹದ ಬ್ಯಾಟಿನಿಂದ ಆಡುತ್ತಾರೆ. ತಪ್ಪಾಗಿ ತಾಗಿದರೂ ಚೆಂಡು ದೂರ ಹಾರುತ್ತದೆ. ಸಂಬಳದ ಆಟದಲ್ಲಿ ಮರದ ಬ್ಯಾಟು. ಲೋಹದಲ್ಲಿ ಹಾರಿದ ಚೆಂಡು ಮರದಲ್ಲಿ ಹಾರೀತೇ ಎಂಬುದನ್ನು ಹುಡುಗನ ಮಣಿಕಟ್ಟು, ಸೊಂಟಗಳ ತಿರುವನ್ನು ನೋಡಿಯೇ ಅಂದಾಜು ಮಾಡಬೇಕು.

ಬರೀ ವೇಗವನ್ನು ನಂಬಿದರೆ ಏನಾಗುತ್ತದೆಂಬುದಕ್ಕೆ ನಮ್ಮ ದೇಶದ್ದೇ ನಿದರ್ಶನವಿದೆ. 2008ರಲ್ಲಿ ಅಮೆರಿಕದವರು ಇಲ್ಲಿ ಎಸೆತದ ಸ್ಪರ್ಧೆಯೊಂದನ್ನು ನಡೆಸಿದರು. ಉತ್ತರ ಪ್ರದೇಶದ ಇಬ್ಬರು ಹಳ್ಳಿ ಹುಡುಗರು, ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್, ಅದರಲ್ಲಿ ಮುಂದೆ ಬಂದರು. ಅದುವರೆಗೆ ಭರ್ಜಿ ಎಸೆದು ಗೊತ್ತು, ಬೇಸ್‌ಬಾಲ್ ಕಂಡವರಲ್ಲ. ಅದೇ ವರ್ಷ ಪಿಟ್ಸ್‌ಬರ್ಗ್ ತಂಡದೊಡನೆ ಅವರಿಗೆ ಒಪ್ಪಂದವಾಯಿತು. ಅವರ ಧೈರ್ಯಕ್ಕೆ ನಾವು ತಲೆಬಾಗುತ್ತೇವೆ. ಆದರೂ ಇಬ್ಬರಿಗೂ ದೊಡ್ಡ ಲೀಗಿನ ಮೈದಾನಕ್ಕೆ ಇಳಿಯುವ ಯೋಗ ಬರಲಿಲ್ಲ.

ಈಗ ಓಟಾನಿಯ ಕತೆಗೆ ಬರೋಣ. ಹುಟ್ಟಿದ್ದು 1994ರಲ್ಲಿ, ಜಪಾನಿನ ಉತ್ತರ ಭಾಗದ ಇವಾತೆ ಸೀಮೆಯಲ್ಲಿ. ತಂದೆ ಮೋಟಾರು ಕಾರ್ಖಾನೆಯ ಕೆಲಸಗಾರ. ಹಿಂದೆ ಕಂಪನಿಯ ತಂಡಕ್ಕೆ ಬೇಸ್‌ಬಾಲ್ ಆಡಿದವರು. ಹುಡುಗ ಬಲಗೈಯಲ್ಲಿ ಎಸೆಯುತ್ತಾನೆ, ಎಡಗೈ ದಾಂಡಿಗನಂತೆ ನಿಂತು ಹೊಡೆಯುತ್ತಾನೆ. ಹನಮಾಕಿ ಹಿಗಾಶಿ ಎಂಬ ಶಾಲೆಯಲ್ಲಿ ಓದುತ್ತಿದ್ದಾಗ, 2012ರ ವಸಂತದಲ್ಲಿ ನಡೆದ ಅಖಿಲ ಜಪಾನ್ ಶಾಲಾ ಪಂದ್ಯಾವಳಿಯಲ್ಲಿ ಎದುರಾಳಿಯ ಹೆಸರಾಂತ ಎಸೆಗಾರನಿಗೆ ಹೋಮ್ ರನ್ ಹೊಡೆದನು; ಅದೇ ಪಂದ್ಯದಲ್ಲಿ ತಾನು ಎಸೆಯುವಾಗ ಹಿಡಿತ ತಪ್ಪಿ ಅವನ ತಂಡ ಸೋತಿತು. ಅಂದು ಅಲ್ಲಿ ಕುಳಿತಿದ್ದ ಸ್ಕೌಟ್ ಏನೆಂದು ಬರೆಯಬೇಕು? ಆ ಒಂದು ದಿನವನ್ನು ನಂಬಿದ್ದರೆ ದಾಂಡಿಗ ಎನ್ನಬೇಕಾಗಿತ್ತು. ಜುಲೈ ತಿಂಗಳಲ್ಲಿ ಅದೇ ಹುಡುಗ ಗಂಟೆಗೆ 160 ಕಿಲೋಮೀಟರು ಎಸೆದನು. ಜಪಾನಿನ ಯಾವ ಶಾಲಾ ಹುಡುಗನೂ ಅದುವರೆಗೆ ಅಷ್ಟು ಎಸೆದಿರಲಿಲ್ಲ. ಅಮೆರಿಕದಿಂದ ಬಂದ ಸ್ಕೌಟ್‌ಗಳ ಕಣ್ಣು ಮುಖ್ಯವಾಗಿ ಆ ತೋಳಿನ ಮೇಲೆಯೇ ನೆಟ್ಟಿತು.

ಎರಡು ಕಸಬಿನ ಹುಡುಗನ ವಿಷಯದಲ್ಲಿ ನಡೆಯುವ ಮಾಮೂಲು ತಪ್ಪು ಇದು. ಒಂದು ಗುಣ ಕಣ್ಣು ಕೋರೈಸಿದಾಗ ಇನ್ನೊಂದನ್ನು ಉಪ್ಪಿನಕಾಯಿಯಂತೆ ಎಲೆಯ ತುದಿಗೆ ತಳ್ಳಿಬಿಡುತ್ತಾರೆ. ಎಸೆತ ಕೈಕೊಟ್ಟರೆ ಬ್ಯಾಟು ಇದ್ದೇ ಇದೆಯಲ್ಲ ಎಂಬ ಸಮಾಧಾನ ಬೇರೆ. ಆ ಸಮಾಧಾನ ಕೆಲವು ಸಲ ನಿಜವೂ ಆಗಿದೆ. ಸೇಂಟ್ ಲೂಯಿಸ್ ತಂಡದ ರಿಕ್ ಆಂಕೀಲ್ 2000ದಲ್ಲಿ ಎಸೆತದ ಹಿಡಿತವನ್ನೇ ಕಳೆದುಕೊಂಡು, 2007ರಲ್ಲಿ ದಾಂಡಿಗನಾಗಿ ಮರಳಿ ಬಂದನು. ಸರಿಯಾದ ರೀತಿ ಬೇರೆಯೇ ಇದೆ ಎಂದು ನಮ್ಮ ಅಭಿಪ್ರಾಯ. ತೋಳನ್ನು ನೋಡುವಾಗ ಬ್ಯಾಟು ಇಲ್ಲವೇ ಇಲ್ಲ ಎಂದುಕೊಂಡು ಒಂದು ವರದಿ, ಬ್ಯಾಟನ್ನು ನೋಡುವಾಗ ತೋಳು ಇಲ್ಲವೆಂದುಕೊಂಡು ಇನ್ನೊಂದು ವರದಿ ಬರೆಯಬೇಕು. ಎರಡೂ ತಮ್ಮ ತಮ್ಮ ಕಾಲಮೇಲೆ ನಿಂತರೆ ಮಾತ್ರ, ಒಂದೇ ಮೈ ಎರಡನ್ನೂ ತಾಳೀತೇ ಎಂಬ ಮೂರನೆಯ ಪ್ರಶ್ನೆ ಏಳುತ್ತದೆ.

ಓಟಾನಿ ನೇರವಾಗಿ ಅಮೆರಿಕಕ್ಕೆ ಹೋಗುವೆನೆಂದು 2012ರ ಅಕ್ಟೋಬರಿನಲ್ಲಿ ಸಾರಿದನು. ಆದರೂ ಜಪಾನಿನ ನಿಪ್ಪಾನ್ ಹ್ಯಾಮ್ ಎಂಬ ತಂಡ (ಮಾಂಸದ ಪದಾರ್ಥಗಳನ್ನು ಮಾಡುವ ಕಂಪನಿಯದು) ಕೆಲವೇ ದಿನಗಳಲ್ಲಿ ತನ್ನ ಮೊದಲ ಆಯ್ಕೆಯಾಗಿ ಅವನ ಹೆಸರನ್ನೇ ಹಿಡಿಯಿತು. ಅವರು ಹಣದ ಚೀಲವೊಂದನ್ನೇ ಹೊತ್ತು ಮನೆಗೆ ಹೋಗಲಿಲ್ಲ. ಅವನ ಕನಸು ಕೈಗೂಡುವ ದಾರಿ ಎಂಬ ಅರ್ಥದ ತಲೆಬರಹವಿಟ್ಟು ಒಂದು ವರದಿಯನ್ನೇ ಬರೆದು ಒಯ್ದರು. ಶಾಲೆ ಮುಗಿಸಿದೊಡನೆ ಪರದೇಶಕ್ಕೆ ಹೋದ ಆಟಗಾರರ ಗತಿ ಏನಾಯಿತು, ತಾಯ್ನಾಡಿನಲ್ಲಿ ಕೆಲವು ವರ್ಷ ಪಳಗಿ ಹೋದವರು ಎಷ್ಟು ನಿಂತರು ಎಂಬ ಲೆಕ್ಕ ಅದರಲ್ಲಿತ್ತು. ಹದಿನೆಂಟಕ್ಕೆ ಟ್ರಂಕು ಹಿಡಿದು ಭಾಷೆ ಬಾರದ ಊರಿಗೆ ರೈಲು ಹತ್ತಿದ ನಮ್ಮಲ್ಲಿ ಅನೇಕರಿಗೆ ಆ ಲೆಕ್ಕದ ತೂಕ ಗೊತ್ತು. ಜೊತೆಗೆ, ಎಸೆತ, ಬ್ಯಾಟು ಎರಡನ್ನೂ ಆಡಿಸುತ್ತೇವೆಂದು ಮಾತು ಕೊಟ್ಟರು. ಹುಡುಗ ಮನಸ್ಸು ಬದಲಿಸಿ, ಡಿಸೆಂಬರಿನಲ್ಲಿ ಒಪ್ಪಿದನು.

ಎರಡು ದೋಣಿಯಲ್ಲಿ ಕಾಲಿಟ್ಟವನು ನೀರಿಗೆ ಬೀಳುತ್ತಾನೆಂದು ಜಪಾನಿನಲ್ಲಿಯೂ ಅನೇಕ ಹಿರಿಯರು ಗೊಣಗಿದರು. ಆದರೆ ತಂಡದ ಮುಖ್ಯಸ್ಥ ಹಿದೇಕಿ ಕುರಿಯಾಮ ಅವಸರ ಮಾಡಲಿಲ್ಲ. 2013ರಲ್ಲಿ ಗೆಲುವು 3, ಹೋಮ್ ರನ್ 3, ಅಷ್ಟೆ. ಮರುವರ್ಷ 11 ಗೆಲುವು, 10 ಹೋಮ್ ರನ್. 2015ರಲ್ಲಿ ಎಸೆತದಲ್ಲಿ 15 ಗೆಲುವು ಬಂದರೂ ಬ್ಯಾಟು ಮುಗ್ಗರಿಸಿತು. ಆ ವರ್ಷ ಬ್ಯಾಟನ್ನು ಕಸಿದುಕೊಂಡಿದ್ದರೆ ತಪ್ಪೆನ್ನುವವರು ಯಾರೂ ಇರಲಿಲ್ಲ. ಕಸಿದುಕೊಳ್ಳಲಿಲ್ಲ. 2016ರಲ್ಲಿ 10 ಗೆಲುವು, 22 ಹೋಮ್ ರನ್, ತಂಡಕ್ಕೆ ಪ್ರಶಸ್ತಿ, ಅವನಿಗೆ ಲೀಗಿನ ಶ್ರೇಷ್ಠ ಆಟಗಾರನ ಮನ್ನಣೆ.

2017ರ ಡಿಸೆಂಬರಿನಲ್ಲಿ ಲಾಸ್ ಏಂಜಲಿಸಿನ ಏಂಜಲ್ಸ್ ತಂಡ ಸೇರಿದನು. ಇನ್ನೆರಡು ವರ್ಷ ತಡೆದಿದ್ದರೆ ನಿಯಮದಂತೆ ಎಷ್ಟೋ ಪಾಲು ಹೆಚ್ಚು ಹಣ ಸಿಕ್ಕುತ್ತಿತ್ತು, ತಡೆಯಲಿಲ್ಲ. 2018ರ ವಸಂತದ ಅಭ್ಯಾಸ ಪಂದ್ಯಗಳಲ್ಲಿ ಅವನ ಬ್ಯಾಟು ಗಾಳಿಯನ್ನೇ ಹೆಚ್ಚು ಹೊಡೆಯಿತು. ಮೈಗೆ ಹತ್ತಿರ ಬಂದ ಚೆಂಡನ್ನು ಆಡಲಾರದ ಇವನು ಶಾಲಾ ಹುಡುಗರ ಮಟ್ಟದ ದಾಂಡಿಗನೆಂದು ಕೆಲವು ಸ್ಕೌಟ್‌ಗಳು ಹೇಳಿದ್ದು ಪತ್ರಿಕೆಯಲ್ಲಿ ಅಚ್ಚಾಯಿತು. ಋತು ತೊಡಗುವ ಹೊತ್ತಿಗೆ ಅವನು ಮುಂಗಾಲನ್ನು ಎತ್ತಿ ಇಡುವುದನ್ನು ಬಿಟ್ಟು, ಹಿಮ್ಮಡಿಯನ್ನು ತುಸು ಮೇಲೆತ್ತಿ ಬ್ಯಾಟು ಬೀಸಲು ಕಲಿತನು. ಏಪ್ರಿಲಿನಲ್ಲಿ ತನ್ನ ಊರಿನ ಮೈದಾನದಲ್ಲಿ ಆಡಿದ ಮೊದಲ ಮೂರು ಪಂದ್ಯಗಳಲ್ಲಿ ಮೂರು ಹೋಮ್ ರನ್ ಬಂದವು. ಆ ಸ್ಕೌಟ್‌ಗಳ ಕಣ್ಣು ಕೆಟ್ಟದ್ದೆಂದು ನಾವು ಹೇಳುವುದಿಲ್ಲ. ಅವರು ಕಂಡ ದೋಷ ಇದ್ದದ್ದೇ. ಆ ದೋಷವನ್ನು ಹುಡುಗ ಎರಡು ವಾರದಲ್ಲಿ ತಿದ್ದಿಕೊಂಡಾನೆಂಬುದಕ್ಕೆ ಮಾತ್ರ 20ರಿಂದ 80ರ ಪಟ್ಟಿಯಲ್ಲಿ ಕಲಮು ಇರಲಿಲ್ಲ.

ಮೈ ತಾಳೀತೇ ಎಂಬ ಪ್ರಶ್ನೆಗೆ ಉತ್ತರ ಅಷ್ಟು ಸಿಹಿಯಾಗಿಲ್ಲ. ಅದೇ ವರ್ಷ ಅವನ ಬಲ ಮೊಣಕೈಯ ಒಳಗಿನ ಕಟ್ಟುನರ ಹರಿಯಿತು. 1974ರಲ್ಲಿ ಡಾ. ಫ್ರಾಂಕ್ ಜೋಬ್ ಎಂಬವರು ಟಾಮಿ ಜಾನ್ ಎಂಬ ಎಸೆಗಾರನಿಗೆ ಮೈಯ ಬೇರೆಡೆಯ ಸ್ನಾಯುರಜ್ಜು ತೆಗೆದು ಮೊಣಕೈಗೆ ಹೆಣೆದು ಕಟ್ಟಿದ್ದರು. ಇಂದಿಗೂ ಆ ಶಸ್ತ್ರಚಿಕಿತ್ಸೆಗೆ ರೋಗಿಯ ಹೆಸರೇ ನಿಂತಿದೆ. ಓಟಾನಿಗೆ 2018ರ ಅಕ್ಟೋಬರಿನಲ್ಲಿ ಅದೇ ಆಯಿತು. 2019ರಲ್ಲಿ ಬರೀ ಬ್ಯಾಟು. 2021ರಲ್ಲಿ 46 ಹೋಮ್ ರನ್, 9 ಗೆಲುವು, ಎಲ್ಲ ಮತವೂ ಅವನಿಗೇ ಬಿದ್ದು ಶ್ರೇಷ್ಠ ಆಟಗಾರನ ಪ್ರಶಸ್ತಿ. 2023ರಲ್ಲಿ ಅದೇ ಮೊಣಕೈ ಮತ್ತೆ ಹರಿದು ಎರಡನೆಯ ಶಸ್ತ್ರಚಿಕಿತ್ಸೆ. 2024ರಲ್ಲಿ ಡಾಜರ್ಸ್ ತಂಡದಲ್ಲಿ ಎಸೆಯಲಾರದೆ, ಬರೀ ಬ್ಯಾಟು ಹಿಡಿದು 54 ಹೋಮ್ ರನ್ ಹೊಡೆದು 59 ಬೇಸ್ ಕದ್ದನು. 2025ರ ಜೂನಿನಲ್ಲಿ ಮತ್ತೆ ಎಸೆಯತೊಡಗಿ, ಅಕ್ಟೋಬರಿನ ಒಂದೇ ಪಂದ್ಯದಲ್ಲಿ ಮೂರು ಹೋಮ್ ರನ್ ಹೊಡೆದು, ಹತ್ತು ದಾಂಡಿಗರನ್ನು ಮುಟ್ಟಗೊಡದೆ ಕಳಿಸಿದನು.

ಇವನನ್ನು ಕಂಡು ಎರಡು ಕಸಬಿನ ಹುಡುಗರೆಲ್ಲ ಹಾಗೆಯೇ ಆದಾರೆಂದು ತಿಳಿಯಬಾರದು. 2017ರಲ್ಲಿ ಅಮೆರಿಕದ ತಂಡಗಳು ಎಳೆಯರನ್ನು ಆರಿಸಿಕೊಂಡಾಗ ಅಂಥವರಿಬ್ಬರು ಮೊದಲ ನಾಲ್ವರೊಳಗೆ ಇದ್ದರು. ನಾಲ್ಕನೆಯವನಾಗಿ ಟಾಂಪಾ ಸೇರಿದ ಬ್ರೆಂಡನ್ ಮೆಕೇಗೆ ಎರಡನ್ನೂ ಆಡಲು ಬಿಟ್ಟರು; 2019ರಲ್ಲಿ ದೊಡ್ಡ ಲೀಗಿಗೂ ಬಂದನು. ಆಮೇಲೆ ಹೆಗಲು, ಮೊಣಕೈ ಒಂದಾದಮೇಲೊಂದು ಕೆಟ್ಟವು. ಎರಡನೆಯವನಾಗಿ ಸಿನ್ಸಿನಾಟಿ ಸೇರಿದ ಹಂಟರ್ ಗ್ರೀನ್ ಶಾಲೆಯಲ್ಲಿದ್ದಾಗಲೇ ಗಂಟೆಗೆ ನೂರು ಮೈಲಿ ಎಸೆದವನು, ಒಳ್ಳೆಯ ದಾಂಡಿಗನೆಂದೂ ಹೆಸರಿತ್ತು. ಬ್ಯಾಟು ಹಿಡಿದು ಕೆಲವೇ ಪಂದ್ಯ ಆಡಿದಮೇಲೆ ಅವನನ್ನು ಬರೀ ಎಸೆಗಾರನನ್ನಾಗಿ ಮಾಡಿದರು. 2019ರಲ್ಲಿ ಅವನ ಮೊಣಕೈಗೂ ಅದೇ ಶಸ್ತ್ರಚಿಕಿತ್ಸೆಯಾಯಿತು. 2022ರಿಂದ ದೊಡ್ಡ ಲೀಗಿನಲ್ಲಿ ಎಸೆದು ಹೆಸರು ಮಾಡಿದ್ದಾನೆ. ಅವನ ಬ್ಯಾಟಿಗೆ ಅಂದು ಸ್ಕೌಟ್‌ಗಳು ಬರೆದ ಎರಡನೆಯ ಸಂಖ್ಯೆ ಸರಿಯಿತ್ತೋ ತಪ್ಪಿತ್ತೋ, ಅದನ್ನು ತಾಳೆ ನೋಡುವ ದಾರಿ ಈಗ ಉಳಿದಿಲ್ಲ.