ಪ್ರಾಸ್ಟೇಟ್ ಗ್ರಂಥಿಯ ಆರದ ಉರಿಯೂತ

ರಾತ್ರಿ ನಾಲ್ಕೈದು ಬಾರಿ ಮೂತ್ರಕ್ಕೆ ಏಳಬೇಕಾಗುತ್ತದೆ, ಧಾರೆ ತಡೆತಡೆದು ಬರುತ್ತದೆ ಎಂದು ಅರವತ್ತು ದಾಟಿದ ಹಿರಿಯರು ನಮ್ಮೆದುರು ಸಂಕೋಚದಿಂದಲೇ ಹೇಳಿಕೊಳ್ಳುತ್ತಾರೆ. ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿಯು ವಯೋಸಹಜವಾಗಿ ಬೆಳೆದು ಮೂತ್ರನಾಳವನ್ನು ಒತ್ತುವುದೇ ಬಹುಮಟ್ಟಿಗೆ ಇದಕ್ಕೆ ಕಾರಣ. ಸುಶ್ರುತ ಸಂಹಿತೆಯ ಉತ್ತರತಂತ್ರದಲ್ಲಿ ಬರುವ 12 ಬಗೆಯ ಮೂತ್ರಾಘಾತಗಳ ಪೈಕಿ ‘ವಾತಾಷ್ಠೀಲಾ’ದ ವರ್ಣನೆ ಇದನ್ನೇ ಹೋಲುತ್ತದೆ. ಆದರೆ ಅದೇ ಗ್ರಂಥಿಯ ಹೊರಭಾಗದಲ್ಲಿ ಸದ್ದಿಲ್ಲದೆ ಹುಟ್ಟುವ ಕ್ಯಾನ್ಸರ್ ಬೇರೆಯೇ ವ್ಯಾಧಿ. ಅದು ಮೂತ್ರನಾಳದಿಂದ ದೂರವಿರುವುದರಿಂದ ಆರಂಭದಲ್ಲಿ ಯಾವ ತೊಂದರೆಯನ್ನೂ ಕೊಡದಿರಬಹುದು.

ಈ ವ್ಯಾಧಿಯ ಬೆಳವಣಿಗೆಯಲ್ಲಿ ಉರಿಯೂತದ ಪಾತ್ರವೇನು? ಗಾಯಗೊಂಡ ಬೆರಳು ಕೆಂಪೇರಿ, ಬಿಸಿಯಾಗಿ, ಬಾತು ನೋಯುವುದು ಉರಿಯೂತ. ಅದು ದೇಹದ ರಕ್ಷಣಾಕಾರ್ಯ. ಕೆಲಸ ಮುಗಿದೊಡನೆ ಶಮನವಾಗಬೇಕು. ಶಮನವಾಗದೆ ವರ್ಷಗಟ್ಟಲೆ ಉಳಿದರೆ ಅದು ಬೂದಿ ಮುಚ್ಚಿದ ಕೆಂಡ. ಜರ್ಮನಿಯ ರುಡಾಲ್ಫ್ ವಿರ್ಕೋ 1863ರಲ್ಲಿಯೇ ಕ್ಯಾನ್ಸರ್ ಗಡ್ಡೆಗಳಲ್ಲಿ ಬಿಳಿ ರಕ್ತಕಣಗಳನ್ನು ಕಂಡು ಇವೆರಡಕ್ಕೂ ನಂಟಿರಬೇಕೆಂದು ಊಹಿಸಿದ್ದರು. 1999ರಲ್ಲಿ ಅಮೆರಿಕದ ಆಂಜೆಲೊ ಡಿ ಮಾರ್ಜೊ ಮತ್ತು ಸಂಗಡಿಗರು ಪ್ರಾಸ್ಟೇಟಿನಲ್ಲಿ ಉರಿಯೂತದಿಂದ ಕ್ಷೀಣಿಸಿಯೂ ಒಂದೇ ಸಮನೆ ವಿಭಜನೆಗೊಳ್ಳುತ್ತಿರುವ ಜೀವಕೋಶಗಳ ತಾಣಗಳನ್ನು ವಿವರಿಸಿದರು. ಕ್ಯಾನ್ಸರಿನ ಮೊದಲ ಮೆಟ್ಟಿಲು ಇಲ್ಲಿರಬಹುದೆಂಬುದು ಅವರ ಅಭಿಮತ.

ರಕ್ಷಣಾಕಣಗಳು ಹೊರಸೂಸುವ ತೀಕ್ಷ್ಣ ರಾಸಾಯನಿಕಗಳು ನೆರೆಯ ಜೀವಕೋಶಗಳ ಡಿಎನ್‌ಎಗೆ ಹಾನಿಮಾಡುತ್ತವೆ. ಸತ್ತ ಕೋಶಗಳ ಸ್ಥಾನವನ್ನು ತುಂಬಲು ಉಳಿದವು ಅವಸರದಿಂದ ವಿಭಜಿಸುವಾಗ ಆ ದೋಷ ಹೊಸ ಪೀಳಿಗೆಗೂ ಸಾಗುತ್ತದೆ. ಗಡ್ಡೆ ರೂಪುಗೊಂಡ ಮೇಲೂ ಈ ಪ್ರಕ್ರಿಯೆ ನಿಲ್ಲದು. ಇಂಟರ್‌ಲ್ಯೂಕಿನ್-6ರಂತಹ ಸಂದೇಶವಾಹಕಗಳು ಕ್ಯಾನ್ಸರ್ ಕೋಶಗಳನ್ನು ಸಾಯಗೊಡದೆ ಪೋಷಿಸುತ್ತವೆ. ಹೊಸ ರಕ್ತನಾಳಗಳು ಚಿಗುರಲು, ರೋಗ ಮೂಳೆಗಳಿಗೆ ಹರಡಲು ನೆರವಾಗುತ್ತವೆ. ಹಾಗೆಂದು ಉರಿಯೂತವಿದ್ದವರೆಲ್ಲರಿಗೂ ಕ್ಯಾನ್ಸರ್ ಬರುವುದಿಲ್ಲ, ಬಾರದವರೇ ಹೆಚ್ಚು.

ಅರಿಶಿನ ಉರಿಯೂತವನ್ನು ತಗ್ಗಿಸುತ್ತದೆಯಲ್ಲವೇ ಎಂದು ಭಕ್ತರು ಕೇಳುವುದುಂಟು. ಪ್ರಯೋಗಾಲಯದಲ್ಲಿ ಹೌದು. ಆದರೆ ಅದರಿಂದ ಈ ಕ್ಯಾನ್ಸರ್ ಗುಣವಾಗುತ್ತದೆಂಬುದಕ್ಕೆ ಆಧಾರವಿಲ್ಲವೆಂದು ಆಯುರ್ವೇದ ವೈದ್ಯರಾಗಿಯೇ ನಾವು ಹೇಳಬೇಕಾಗಿದೆ. ಹಲವು ವರ್ಷಗಳ ಹಿಂದೆ ಹಿರಿಯರೊಬ್ಬರಿಗೆ ನಾವು ನೆಗ್ಗಿಲಮುಳ್ಳಿನ ಕಷಾಯ ಕೊಟ್ಟೆವು. ಮೂತ್ರ ಸಲೀಸಾಯಿತು, ಅವರೂ ನಾವೂ ತೃಪ್ತರಾದೆವು. ಒಂದೂವರೆ ವರ್ಷದ ತರುವಾಯ ಸೊಂಟನೋವೆಂದು ಬಂದಾಗ ರೋಗ ಬೆನ್ನುಮೂಳೆಯನ್ನು ತಲುಪಿತ್ತು. ಮೊದಲ ದಿನವೇ ರಕ್ತಪರೀಕ್ಷೆ ಮಾಡಿಸದಿದ್ದುದು ನಮ್ಮ ತಪ್ಪು. ಅಂದಿನಿಂದ ಪಿಎಸ್‌ಎ ವರದಿಯನ್ನು ನೋಡದೆ ನಾವು ಇಂತಹವರಿಗೆ ಕಷಾಯ ಬರೆದುಕೊಡುವುದಿಲ್ಲ.

ಐವತ್ತು ದಾಟಿದವರು, ತಂದೆಗೋ ಸೋದರರಿಗೋ ಈ ರೋಗವಿದ್ದರೆ ನಲವತ್ತೈದರಿಂದಲೇ, ಈ ಪರೀಕ್ಷೆಯ ಕುರಿತು ವೈದ್ಯರೊಡನೆ ಮಾತನಾಡಬೇಕು. ಬರಿಯ ಉರಿಯೂತದಿಂದಲೂ ಪಿಎಸ್‌ಎ ಏರುವುದರಿಂದ ಒಂದು ವರದಿಯನ್ನು ನೋಡಿ ಎದೆಗುಂದಬೇಕಿಲ್ಲ. ಸೋಂಕಿದ್ದರೆ ಚಿಕಿತ್ಸೆ ಪಡೆದು, ಆರೆಂಟು ವಾರ ಕಳೆದ ಮೇಲೆ ಮತ್ತೊಮ್ಮೆ ಪರೀಕ್ಷಿಸಿಕೊಳ್ಳಬೇಕು. ಆಗಲೂ ಇಳಿಯದಿದ್ದರೆ ಮೂತ್ರರೋಗ ತಜ್ಞರನ್ನು ತಡಮಾಡದೆ ಕಾಣಬೇಕು; ನಾವು ಕೊಟ್ಟ ಔಷಧಿಯ ಚೀಟಿಯನ್ನೂ ಅವರಿಗೆ ತೋರಿಸಬೇಕು.