ಹಾರ್ಡ್ ಡಿಸ್ಕನ್ನು ಬದಲಿಸಬೇಕೆ?

ಮನೆಯ ಹಳೆಯ ಕಂಪ್ಯೂಟರು ಎಚ್ಚೆತ್ತುಕೊಳ್ಳಲು ನಿಮಿಷಗಟ್ಟಲೆ ತೆಗೆದುಕೊಂಡರೆ ಹೊಸದನ್ನೇ ಕೊಳ್ಳೋಣವೆನಿಸುವುದು ಸಹಜ. ಆದರೆ ಈ ವಿಳಂಬಕ್ಕೆ ಅನೇಕ ವೇಳೆ ಅದರೊಳಗಿನ ಹಾರ್ಡ್ ಡಿಸ್ಕೇ ಕಾರಣವಾಗಿರುತ್ತದೆ.

1956ರಲ್ಲಿ ಐ.ಬಿ.ಎಂ. ಸಂಸ್ಥೆಯು ಹೊರತಂದ ಮೊದಲ ಹಾರ್ಡ್ ಡಿಸ್ಕಿನಲ್ಲಿ 50 ತಟ್ಟೆಗಳಿದ್ದುವು. ಗಾತ್ರವು ಕುಗ್ಗಿದೆಯಾದರೂ ತತ್ತ್ವವು ಬದಲಾಗಿಲ್ಲ: ಕಾಂತಲೇಪವುಳ್ಳ ತಟ್ಟೆ ತಿರುಗುತ್ತಿರುತ್ತದೆ, ತೋಳೊಂದರ ಮೊನೆ ಮಾಹಿತಿಯನ್ನು ಓದುತ್ತದೆ. ನಿಮಿಷಕ್ಕೆ 7200 ಸುತ್ತು ತಿರುಗುವ ತಟ್ಟೆಗೆ ಒಂದು ಸುತ್ತಿಗೆ 8.3 ಮಿಲಿಸೆಕೆಂಡು ಬೇಕು. ಬೇಕಾದ ಭಾಗವು ಮೊನೆಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ತೋಳು ಸರಿಯಲು ಇನ್ನೂ ಎಂಟೊಂಬತ್ತು ಮಿಲಿಸೆಕೆಂಡು. ಒಟ್ಟು ಸುಮಾರು 13. ಇದೇನು ಮಹಾ ಎನ್ನಬಾರದು. ಚದರಿಬಿದ್ದ ಹತ್ತು ಸಾವಿರ ತುಣುಕುಗಳನ್ನು ಓದಬೇಕಾಯಿತೆನ್ನೋಣ. ಕಾಯುವುದರಲ್ಲಿಯೇ 130 ಸೆಕೆಂಡು ಕಳೆಯಿತು!

ಎಸ್.ಎಸ್.ಡಿ.ಯಲ್ಲಿ ತಿರುಗುವ ಭಾಗವೇ ಇಲ್ಲ. ನಿರೋಧಕ ಪದರಗಳ ನಡುವೆ ಸೆರೆಸಿಕ್ಕ ಎಲೆಕ್ಟ್ರಾನುಗಳೇ ಅಲ್ಲಿ ಮಾಹಿತಿಯ ಗುರುತು. ತುಣುಕೊಂದಕ್ಕೆ 0.1 ಮಿಲಿಸೆಕೆಂಡೆಂದರೂ ಮೇಲಿನ ಕೆಲಸವು ಒಂದೇ ಸೆಕೆಂಡಿನದು. ಚಲನಚಿತ್ರವನ್ನು ನೋಡುವುದಕ್ಕಾದರೋ ಹಳೆಯ ತಟ್ಟೆಯೇ ಸಾಕು. ಅಲ್ಲಿ ಮಾಹಿತಿಯನ್ನು ಸಾಲಾಗಿ ಓದಿದರಾಯಿತು.

ಎಸ್.ಎಸ್.ಡಿ.ಗೂ ಕುಂದುಗಳುಂಟು. ಪ್ರತಿ ಬರೆವಣಿಗೆಯೂ ನಿರೋಧಕ ಪದರವನ್ನು ತುಸು ಸವೆಸುತ್ತದೆ. ವಿದ್ಯುತ್ತಿಲ್ಲದೆ ವರ್ಷಗಟ್ಟಲೆ ಮೂಲೆಯಲ್ಲಿಟ್ಟರೆ ಎಲೆಕ್ಟ್ರಾನುಗಳು ಸೋರಿಹೋಗಬಹುದು. ಅದೇ ಧಾರಣಶಕ್ತಿಗೆ ಬೆಲೆಯೂ ಹೆಚ್ಚು. ಆದುದರಿಂದ ಕಾರ್ಯವ್ಯವಸ್ಥೆ ಮತ್ತು ದಿನಬಳಕೆಯ ಪ್ರೋಗ್ರಾಮುಗಳಿಗೆ ಸಣ್ಣ ಎಸ್.ಎಸ್.ಡಿ.ಯೊಂದನ್ನು ಕೊಂಡು, ಮನೆಯವರ ಫೋಟೋಗಳನ್ನು ಹಳೆಯ ಡಿಸ್ಕಿನಲ್ಲಿಯೇ ಉಳಿಸುವುದು ನಮಗೆ ಯುಕ್ತವೆಂದು ತೋರುತ್ತದೆ. ಆ ಫೋಟೋಗಳ ಇನ್ನೊಂದು ಪ್ರತಿಯನ್ನು ಬೇರೆಡೆ ತೆಗೆದಿಟ್ಟ ಮೇಲೆಯೇ ಸ್ಕ್ರೂ ಬಿಚ್ಚಬೇಕು.