ಮುಳುಗಿದ ಹಡಗಿನೊಳಗೆ ಉಳಿದ ಎಣ್ಣೆ

ಮಕ್ಕಳೇ, ಒಂದು ಪರಾತದಲ್ಲಿ ನೀರು ತುಂಬಿ ಅದರ ಮೇಲೆ ಒಂದು ಚಮಚ ಎಣ್ಣೆ ಹಾಕಿ. ಎಣ್ಣೆ ಮುಳುಗದೆ ತೇಲುತ್ತಾ ಹರಡುತ್ತದೆ. ಅದರ ಸಾಂದ್ರತೆ ನೀರಿಗಿಂತ ಕಡಿಮೆ. ಹಾಗಾದರೆ ಒಂದು ಹಡಗಿನ ಎಣ್ಣೆಯೆಲ್ಲಾ ಸಮುದ್ರ ಸೇರಿದರೆ ಏನಾದೀತು?

ಹಿರೇಹಂದಿಗೋಳದಂತಹ ನಮ್ಮ ಊರುಗಳಿಗೆ ಸಮುದ್ರ ದೂರ. ಆದರೆ ನಮ್ಮದೇ ರಾಜ್ಯದ ಕರಾವಳಿಯ ಜನರಿಗೆ ಈ ಪ್ರಶ್ನೆ ನಿಜವಾಗಿಯೂ ಎದುರಾಯಿತು. 2022ರ ಜೂನ್‌ನಲ್ಲಿ ‘ಪ್ರಿನ್ಸೆಸ್ ಮಿರಾಲ್’ ಎಂಬ ಸರಕು ಹಡಗು ಉಕ್ಕಿನ ಸುರುಳಿಗಳನ್ನು ಹೊತ್ತು ಚೀನಾದಿಂದ ಲೆಬನಾನ್‌ಗೆ ಹೊರಟಿತ್ತು. ದಾರಿಯಲ್ಲಿ ಹಡಗಿನೊಳಗೆ ನೀರು ನುಗ್ಗಿ ಅದು ಮಂಗಳೂರಿನ ಬಳಿಯ ಉಳ್ಳಾಲದ ಸಮೀಪ ಮುಳುಗಿತು. ಕರಾವಳಿ ಕಾವಲು ಪಡೆ 15 ನಾವಿಕರನ್ನು ರಕ್ಷಿಸಿತು. ಆದರೆ ಇಂಜಿನ್ನಿನ ಎಣ್ಣೆ ಹಡಗಿನಲ್ಲೇ ಉಳಿಯಿತು. ಜೂನ್, ಜುಲೈ ಮೀನುಗಳು ಮರಿಮಾಡುವ ಕಾಲ. ಅದಕ್ಕೆಂದೇ ಆ ಎರಡು ತಿಂಗಳು ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿದೆ. ಎಣ್ಣೆ ಸೋರಿದರೆ ಮೀನಿನ ಮೊಟ್ಟೆ, ಮರಿಗಳು ಸಾಯುತ್ತವೆ. ಮೀನುಗಾರರ ಅನ್ನಕ್ಕೇ ಕುತ್ತು.

ಹಾಗೇ ಬಿಟ್ಟರೆ ಏನಾಗುತ್ತದೆ?

ಉಪ್ಪುನೀರಿನಲ್ಲಿ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ತುಕ್ಕು ಹಿಡಿದ ತೊಟ್ಟಿ ತೆಳುವಾಗಿ ತೂತಾಗುತ್ತದೆ. 1941ರಲ್ಲಿ ಅಮೆರಿಕದ ಪರ್ಲ್ ಹಾರ್ಬರ್‌ನಲ್ಲಿ ಮುಳುಗಿದ ಅರಿಜೋನಾ ಎಂಬ ಯುದ್ಧನೌಕೆಯಿಂದ ಇಂದಿಗೂ ಎಣ್ಣೆ ಹನಿಯುತ್ತಿದೆ!

ಎಣ್ಣೆ ತೆಗೆಯುವುದು ಹೇಗೆ?

ಆದ್ದರಿಂದ ಹಡಗನ್ನು ಎತ್ತುವ ಅಥವಾ ಕತ್ತರಿಸುವ ಮೊದಲು ಎಣ್ಣೆ ತೆಗೆಯಬೇಕು. ಮುಳುಗುಗಾರರು ತೊಟ್ಟಿಯ ಹೊರಗೋಡೆಗೆ ಒಂದು ವಾಲ್ವ್ ಜೋಡಿಸುತ್ತಾರೆ. ಅದರ ಮೂಲಕವೇ ತೂತು ಕೊರೆದು, ಕೊಳವೆ ಹಾಕಿ ಪಂಪಿನಿಂದ ಎಣ್ಣೆಯನ್ನು ಮೇಲಿನ ಹಡಗಿಗೆ ಎಳೆಯುತ್ತಾರೆ. ಗಟ್ಟಿಯಾದ ಎಣ್ಣೆಯನ್ನು ಬಿಸಿಮಾಡಿ ತೆಳುವಾಗಿಸುತ್ತಾರೆ.

ಖರ್ಚು ಯಾರದು?

ಇದಕ್ಕಾಗಿ 2007ರಲ್ಲಿ ಕೀನ್ಯಾದ ನೈರೋಬಿಯಲ್ಲಿ ಒಂದು ಅಂತರರಾಷ್ಟ್ರೀಯ ಒಪ್ಪಂದವಾಯಿತು. ಭಾರತವೂ 2011ರಲ್ಲಿ ಅದನ್ನು ಸೇರಿತು. ಅಪಾಯ ತರುವ ಹಡಗನ್ನು ತೆರವು ಮಾಡುವ ಹೊಣೆ ಹಡಗಿನ ಮಾಲೀಕನದು. ದೊಡ್ಡ ಹಡಗುಗಳಿಗೆ ಮೊದಲೇ ವಿಮೆ ಇರಬೇಕು. ಮಾಲೀಕ ಕೈಬಿಟ್ಟರೂ ಖರ್ಚಿಗೆ ದಾರಿಯಿರಲೆಂದು ಈ ನಿಯಮ.

ನಮ್ಮೂರಿನಲ್ಲಿ ಹಡಗಿಲ್ಲ, ಟ್ರ್ಯಾಕ್ಟರ್ ಇದೆ. ಅದರ ಹಳೇ ಎಣ್ಣೆಯನ್ನು ಹಳ್ಳಕ್ಕೋ ಕೆರೆಗೋ ಚೆಲ್ಲಿದರೆ ಅಲ್ಲಿಯೂ ಅದೇ ಪದರ ಹರಡುತ್ತದೆ. ಅದನ್ನು ಡಬ್ಬದಲ್ಲಿ ಹಿಡಿದು ಗ್ಯಾರೇಜಿಗೆ ಕೊಡಲು ಮನೆಯವರಿಗೆ ಹೇಳುವಿರಾ?